ಹಿಂಡುವ ಪಾಠ

ಶುಕ್ರವಾರ ಮೂರಕ್ಕೆ ಬರುತ್ತಾರೆ ಹನ್ನೊಂದು ಮಂದಿ
ಮೈತುಂಬ ಬಟ್ಟೆ ತೊಟ್ಟು, ಕಾಲಿಗೆ ಬೂಟು,
ಮದುವೆಗೆ ಹೊರಟವರ ಹಾಗೆ, ಈಜುಕೊಳಕ್ಕೆ.
ಫ್ರೀಸ್‌ಲ್ಯಾಂಡಿನ ಈ ಊರಲ್ಲಿ ಇದು ಯಾರಿಗೂ ಸೋಜಿಗವಲ್ಲ.
ಬೀದಿಗೊಂದು ಕಾಲುವೆ, ಹಿತ್ತಲಿಗೊಂದು ಹಳ್ಳ.
ಚಡ್ಡಿ ಬದಲಿಸಿ ಬಾ ಮಗಾ ಎಂದು
ಯಾವ ಕಾಲುವೆ ಕಾಯುತ್ತದೆ?

ಹಾರಿ ಎಂದೆ. ಹಾರಿದರು.
ವೀಬ್ಕೆ ಮೂಗು ಹಿಡಿದು, ಸ್ಯೂರ್ಡ್ ಕಣ್ಣು ಮುಚ್ಚಿ,
ಡೌವೆ ಮಾತ್ರ ಬಾಯಿ ತೆರೆದು,
ಏನೋ ಹೇಳುತ್ತಿದ್ದವನು ಹೇಳುತ್ತಲೇ.
ಅಂಗಿಯೊಳಗೆ ಗಾಳಿ ತುಂಬಿ ಬೆನ್ನ ಮೇಲೆ ಗುಳ್ಳೆ,
ಬೂಟು ಕೆಳಗೆ ಎಳೆಯುತ್ತದೆ, ಸಾಲಗಾರನ ಹಾಗೆ.
ಹೆದರಿದರೆ ಮೊದಲು ಅಂಗಾತ ಮಲಗು,
ಕಿವಿ ನೀರಿಗೆ ಕೊಡು, ಮೂಗು ಆಕಾಶಕ್ಕೆ,
ಆಮೇಲೆ ಯೋಚಿಸು.
ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತಿರುವ ಮಾತು;
ನಿದ್ದೆಯಲ್ಲಿ ಎಬ್ಬಿಸಿದರೂ ಇದನ್ನೇ ಹೇಳಿಯೇನು.

ನೀಲಿ ಟಾರ್ಪಾಲಿನ ತೂತಿನಲ್ಲಿ ನುಸುಳಿ
ಒಬ್ಬೊಬ್ಬರೇ ಆಚೆ ದಡ ಮುಟ್ಟಿದರು.
ನನ್ನ ಕಾಗದದಲ್ಲಿ ಹನ್ನೊಂದು ಸರಿ ಗುರುತು.

ಆಮೇಲೆ ನೋಡಬೇಕಿತ್ತು ಅವರನ್ನು.
ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದು,
ಸತ್ತ ಕೋಳಿ ಹಿಡಿದವರ ಹಾಗೆ ನಿಂತಿದ್ದಾರೆ ಸಾಲಾಗಿ,
ಹಲ್ಲು ಕಟಕಟ, ನೆಲವೆಲ್ಲ ಕೆರೆ.
ಹಿಂಡಿ, ಎಂದೆ.
ಮುಖ ಮುಖ ನೋಡಿಕೊಂಡರು.
ಸ್ಯೂರ್ಡ್ ಅಂಗಿಯನ್ನು ಮುದ್ದೆ ಮಾಡಿ ಎದೆಗೊತ್ತಿಕೊಂಡ,
ವೀಬ್ಕೆ ಕೊಡವಿದಳು, ನನ್ನ ಕನ್ನಡಕ ತೊಯ್ಯುವಂತೆ.
ಏಳು ವರ್ಷದ ಕೈಗಳು, ಮೀನಿನಷ್ಟು ಚುರುಕು,
ಒಂದು ಪಟ್ಟು ಬಟ್ಟೆ ತಿರುಚಲು ಬಾರದು.
ಮನೆಯಲ್ಲಿ ಮಿಷನ್ನಿದೆ, ಮಿಷನ್ನಿಲ್ಲದಲ್ಲಿ ಅಮ್ಮ.

ಸರಿ, ಇಬ್ಬಿಬ್ಬರು ಬನ್ನಿ.
ನೀನು ಆ ತುದಿ, ಅವಳು ಈ ತುದಿ.
ನೀನು ಬಲಕ್ಕೆ ತಿರುಗಿಸು, ಅವಳೂ ತನ್ನ ಬಲಕ್ಕೆ;
ಎದುರು ಬದುರು ನಿಂತವರಿಗೆ
ಒಬ್ಬರ ಬಲ ಇನ್ನೊಬ್ಬರ ಎಡ,
ಅದಕ್ಕೇ ನೀರು ಬಿಡುತ್ತದೆ ಬಟ್ಟೆ.
ಹಗ್ಗವಾಯಿತು ಅಂಗಿ, ಗಂಟಾಯಿತು ಹಗ್ಗ,
ಸುರಿಯಿತು, ಸುರಿಯಿತು, ಆಮೇಲೆ ತೊಟ್ಟಿಕ್ಕಿತು.
ಈಜಿದಾಗ ನಗದವರು ಈಗ ಕೇಕೆ ಹಾಕಿದರು.

ಹನ್ನೊಂದು ಮಂದಿ. ಡೌವೆಗೆ ಜೊತೆಯಿಲ್ಲ.
ಬಾ ಇಲ್ಲಿ, ಎಂದು ಅವನ ಪ್ಯಾಂಟನ್ನು
ಮೆಟ್ಟಿಲ ಕಂಬಿಗೆ ಒಂದು ಸುತ್ತು ಸುತ್ತಿ
ಎರಡು ತುದಿಯನ್ನೂ ಅವನ ಕೈಗೇ ಕೊಟ್ಟೆ.
ಕಂಬಿ ಹಿಡಿದುಕೊಳ್ಳುತ್ತದೆ, ನೀನು ತಿರುಚು.
ಇದು ನಿಮಗೆ ಯಾರು ಕಲಿಸಿದರು, ಸೀಟ್ಸ್ಕೆ ಮಿಸ್?
ಯಾರೂ ಇಲ್ಲ, ಎಂದೆ.
ಸುಳ್ಳಲ್ಲ ಅದು.

ಮೂರು ವಾರ ಕಳೆದು ಸೈಕಲ್ ಸ್ಟ್ಯಾಂಡಿನ ಬಳಿ
ಓಡಿ ಬಂದ ಡೌವೆ, ಉಸಿರು ಸಿಗದೆ.
ಹಳ್ಳಕ್ಕೆ ಬಿದ್ದೆ! ಚೆಂಡಿನ ಹಿಂದೆ! ಮೊನ್ನೆ!
ಅಂಗಾತ ಮಲಗಿದೆಯಾ?
ಮಲಗಿದೆ ಮಲಗಿದೆ, ಎಂದ,
ಅದೊಂದು ಮಾತೇ ಅಲ್ಲ ಎಂಬಂತೆ.
ಆಮೇಲೆ ಕೇಳಿ, ಸೇತುವೆ ಕಂಬಿಗೆ ಸುತ್ತಿ
ಪ್ಯಾಂಟು ಹಿಂಡಿದೆ, ಸಾಕ್ಸು ಹಿಂಡಿದೆ,
ಸೈಕಲ್ ಹ್ಯಾಂಡಲ್ಲಿಗೆ ನೇತುಹಾಕಿ ಮನೆಗೆ ಹೋದೆ.
ಹಾಗೇನಾ? ಬರೀ ಚಡ್ಡಿಯಲ್ಲಿ?
ಹ್ಞೂಂ. ಅಂಚೆಯವರು ನೋಡಿದರು.
ಅಮ್ಮನಿಗೆ ನಾನೇ ಹೇಳಿಬಿಟ್ಟೆ, ಅವರು ಹೇಳುವ ಮೊದಲು.

ನನ್ನ ಕಾಗದದಲ್ಲಿ ಇದಕ್ಕೊಂದು ಕಲಮಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಹಿಂಡಿದ.

ಈ ಸಂಜೆ ಗಾಳಿಯಿದೆ, ಬಿಸಿಲೂ ಉಳಿದಿದೆ.
ಹಾಸಿಗೆಯ ದೊಡ್ಡ ಚಾದರ ಒಗೆದಿದ್ದೇನೆ,
ಇಬ್ಬರು ಮಲಗುವ ಅಳತೆಯದು, ಚಿಕ್ಕದನ್ನು ಕೊಂಡಿಲ್ಲ.
ಹಾರ್ಕೆ ಆ ತುದಿ ಹಿಡಿಯುತ್ತಿದ್ದ,
ಬೇಕೆಂದೇ ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದ.
ಅಂಗಳದ ನಲ್ಲಿಗೆ ಒಂದು ಸುತ್ತು ಸುತ್ತಿ
ಎರಡು ತುದಿಯನ್ನೂ ನಾನೇ ಹಿಡಿಯುತ್ತೇನೆ.
ನಲ್ಲಿ ಹಿಡಿದುಕೊಳ್ಳುತ್ತದೆ.
ಅದು ತಮಾಷೆ ಮಾಡುವುದಿಲ್ಲ, ಅಷ್ಟೆ.