ಇತರೆ

ಇಪ್ಪತ್ತೊಂದು ವರ್ಷದಿಂದ ಓದುತ್ತಿದ್ದೇನೆ,
ಮೀಟರು ಬಿಟ್ಟು ಬೇರೇನೂ ಅಲ್ಲ.
ಬಾಣಾವರದಲ್ಲಿ ಯಾರ ಮನೆಗೆ ಯಾವತ್ತು ಫ್ರಿಜ್ಜು ಬಂತು,
ಯಾರ ಮಿಲ್ಲು ನಿಂತಿತು, ಯಾವನು ಕಂಬಕ್ಕೆ ಕೊಕ್ಕೆ ಹಾಕಿದ,
ಹೇಳಿಕೊಳ್ಳುವ ಅಭ್ಯಾಸವಿಲ್ಲ. ಗೊತ್ತಿದೆ, ಅಷ್ಟೆ.

ಸರ್ಕಾರಿ ಆಸ್ಪತ್ರೆಯದು ಮೆಟ್ಟಿಲ ಕೆಳಗಿನ ಮೀಟರು.
ತಟ್ಟೆ ತಿರುಗುವ ಕಾಲದಲ್ಲಿ ಅದರ ಕೆಂಪು ಗೆರೆ
ಕಣ್ಣಿಗೆ ಸಿಗುತ್ತಿರಲಿಲ್ಲ.
ತಿಂಗಳಿಗೆ ಸಾವಿರದ ನಾನೂರು, ಬೇಸಿಗೆಗೆ ಸಾವಿರದ ಎಂಟುನೂರು.
ಹಗಲು ಹನ್ನೆರಡಕ್ಕೂ ವಾರ್ಡಿನಲ್ಲಿ ಟ್ಯೂಬ್‌ಲೈಟು.
ಬಿಸಿಲು ತಡೆಯಲು ಕಿಟಕಿಗೆ ಹಳೇ ಎಕ್ಸ್‌ರೇ ಹಾಳೆ ಅಂಟಿಸಿದ್ದರು;
ಯಾರದೋ ಪಕ್ಕೆಲುಬಿನ ಸಂದಿಯಿಂದ
ಬೆಳಕು ಒಳಗೆ ಬರುತ್ತಿತ್ತು.

ಶಿವರಾತ್ರಿ ಕಳೆದ ವಾರ ಇಂಜಿನಿಯರು ರುಕ್ಸಾನಾ ಬಂದರು,
ಊದಿನಕಡ್ಡಿ ಹಚ್ಚಿ ಕಿಟಕಿಯಿಂದ ಕಿಟಕಿಗೆ ನಡೆದರು.
ಹೊಗೆ ಬಾಗಿದಲ್ಲೆಲ್ಲ ಸೀಮೆಸುಣ್ಣದ ಗುರುತು.
ಹೆರಿಗೆ ವಾರ್ಡಿನ ಅಜ್ಜಿಯೊಬ್ಬಳು ಎದ್ದು ಕೂತು ಕೈಮುಗಿದಳು.
“ಪೂಜೆಯಲ್ಲಜ್ಜಿ, ಗಾಳಿ ಎಲ್ಲಿ ಸೋರ್ತದೆ ನೋಡ್ತಿದೀನಿ.”
“ಆಗ್ಲಿ ತಾಯಿ, ಅದಕ್ಕೂ ಒಂದು ಮುಗಿದೆ.”

ಆಮೇಲೊಂದು ಕ್ಯಾಮೆರಾ. ಅದರೊಳಗೆ ಪಡುವಣ ಗೋಡೆ ನಿಗಿನಿಗಿ ಕೆಂಡ.
ಸಿಸ್ಟರ್ ದಾಕ್ಷಾಯಿಣಿ ಬಗ್ಗಿ ನೋಡಿ
“ಇದಕ್ಕೆ ನೂರಾಮೂರು ಇದೆಯಲ್ರೀ” ಅಂದರು,
ಗೋಡೆಗೆ ಅಂಗೈ ಇಟ್ಟರು,
ಕೂಸಿನ ಹಣೆಗೆ ಇಡುವ ಹಾಗೆ.

ಎರಡು ಬೇಸಿಗೆ ಹಿಡಿಯಿತು.
ತಾರಸಿಗೆ ತೆಂಗಿನ ನಾರಿನ ಹಾಸು, ಮೇಲೆ ಒಡೆದ ಬಿಳಿ ಟೈಲ್ಸಿನ ಚೂರು.
ಪಡುವಣಕ್ಕೆ ಜಾಲಂಧ್ರ, ಕಿಟಕಿಗೆ ತೋಳುದ್ದದ ಸಜ್ಜೆ.
ಫಾಲ್ಸ್ ಸೀಲಿಂಗ್ ಇಳಿಸಿದರೆ ಒಳಗೆ
ಹನ್ನೊಂದು ಗವಾಕ್ಷಿ, ಒಂದು ಬಾವಲಿ,
ಮತ್ತೆ, ಕಳೆದನೆಂದು ಕೆಂಚೀರಯ್ಯನಿಂದ ದಂಡ ಕಟ್ಟಿಸಿಕೊಂಡ
ಥರ್ಮಾಮೀಟರಿನ ಡಬ್ಬಿ.
ದಂಡ ವಾಪಸು ಬರಲಿಲ್ಲ.

ಸೋಲಾರು ಹಲಗೆ ಬಂದದ್ದು ಎಲ್ಲ ಮುಗಿದ ಮೇಲೆ.
“ಮೊದಲೇ ಹಾಕಬಹುದಿತ್ತಲ್ಲ ಮೇಡಂ?”
“ಸೋರೋ ಕೊಡಕ್ಕೆ ಇನ್ನೊಂದು ನಲ್ಲಿ ಯಾಕಣ್ಣ.”

ಮೇ ತಿಂಗಳ ಓದು: ಮೂವತ್ತೆಂಟು.
ಕನ್ನಡಕ ಒರೆಸಿದೆ. ಮೂವತ್ತೆಂಟೇ.
ಕೈಯ ಯಂತ್ರ ಒಪ್ಪಲಿಲ್ಲ. ‘ಬಳಕೆ ಅಸಹಜ. ಕಾರಣ ನಮೂದಿಸಿ.’
ಬಾಗಿಲು ಬೀಗ. ಮೀಟರು ಸುಟ್ಟಿದೆ. ಕಟ್ಟಡ ಖಾಲಿ. ಕಳವು ಶಂಕೆ.
ಒಳಗೆ ನಲವತ್ತು ಜನ ಚೀಟಿ ಹಿಡಿದು ಕೂತಿದ್ದರು,
ಒಬ್ಬರೂ ಸೆರಗಿನಿಂದ ಗಾಳಿ ಹಾಕಿಕೊಳ್ಳದೆ.
ಪಟ್ಟಿಯ ಕೊನೆಗೆ ‘ಇತರೆ’ ಅಂತಿತ್ತು. ಒತ್ತಿದೆ.

ಮೂರನೇ ದಿನ ಹಾಸನದಿಂದ ಜಾಗೃತ ದಳದ ಜೀಪು.
ಸೀಲು ತಡವಿದರು, ತಂತಿಯ ಬಾಲ ಹಿಡಿದು ತಾರಸಿ ಹತ್ತಿದರು,
ಕೆಂಚೀರಯ್ಯನನ್ನು ಮೂರು ಸಲ ಕೇಳಿದರು, ನನ್ನನ್ನು ನಾಲ್ಕು ಸಲ.
ಮಧ್ಯಾಹ್ನ ದಳದ ಹಿರಿಯರು ಹೊರರೋಗಿಗಳ ಬೆಂಚಿನ ಮೇಲೆ
ಸುಮ್ಮನೆ ಬೆನ್ನು ಚಾಚಿದವರು ಗೊರಕೆ ಹೊಡೆದರು.
“ಫ್ಯಾನು ಹಾಕಲಾ ಸಾರ್?”
ಕಣ್ಣು ಬಿಡದೆ ಬೇಡವೆಂದು ಕೈ ಆಡಿಸಿದರು.
ಎದ್ದು ವರದಿ ಬರೆದರು. ಆ ನಿದ್ದೆ ಅದರಲ್ಲಿಲ್ಲ.

ಮತ್ತೆ ಮೇಲಿನ ಕಚೇರಿಯಿಂದ ಓಲೆ:
ಮೂವತ್ತೆಂಟು ಯಾಕೆ? ಪೂರ್ತಿ ಸೊನ್ನೆ ಯಾಕಿಲ್ಲ?
ಸಿಸ್ಟರು ಚಪ್ಪಲಿ ಬಿಡಿಸಿ ನನ್ನನ್ನು ಒಳಗೆ ಕರೆದರು.
ಲಸಿಕೆಯ ಪೆಟ್ಟಿಗೆ ಮೂಲೆಯಲ್ಲಿ ಗುಂಯ್ಗುಡುತ್ತಿತ್ತು,
ಅದಕ್ಕೆ ಹಗಲು ರಾತ್ರಿ ಒಂದೇ.
ಅದರಾಚೆ ಗಾಜಿನ ತೊಟ್ಟಿಲು, ಮೇಲೆ ಕೆಂಪು ಕಾವು,
ಕೆಳಗೆ ಒಂದೂವರೆ ಕೆಜಿಯ ಜೀವ,
ಯಾರ ಮೇಲೋ ದಾವೆ ಹೂಡುವ ಹಾಗೆ ಮುಷ್ಟಿ ಬಿಗಿದು.
“ಇದನ್ನೂ ಆರಿಸಿದ್ರೆ ಅವರ ಸೊನ್ನೆ ಬರ್ತದೆ.
ಬರೀರಿ ಅವರಿಗೆ.”

ಬರೆಯುವುದು ನನ್ನ ಕೆಲಸವಲ್ಲ. ಓದುವುದು.

ಜೂನಿನಲ್ಲಿ ನಲವತ್ತೊಂದು. ಮೂರು ಹೆಚ್ಚು.
ಮೆಟ್ಟಿಲ ಕೆಳಗಿಂದಲೇ ಕೂಗಿ ಕೇಳಿದೆ.
ಅವಳಿಯಂತೆ.