ಒತ್ತಕ್ಷರ

ದಸ್ತಗೀರ್ ಸಾಬರು ನನ್ನ ಕೈಗೆ ಮೊದಲು ಕೊಟ್ಟಿದ್ದು ಕುಂಚವಲ್ಲ,
ಸುಣ್ಣದ ಪುಡಿ ಹಚ್ಚಿದ ಒಂದು ದಾರ.
ಗೋಡೆಯ ಆ ತುದಿ ಈ ತುದಿ ಎಳೆದು ಹಿಡಿದು
ಟಪ್ ಅಂತ ಬಿಟ್ಟರೆ ಬೀಳುವ ಗೆರೆ.
"ಇಲ್ಲಿ ತಲೆಕಟ್ಟು. ಇಲ್ಲಿ ಕಾಲು.
ಒತ್ತಕ್ಷರ ಬಂದ್ರೆ ನೆಲಮಾಳಿಗೆಗೆ ಇಳಿಸು.
ಉಳಿದಿದ್ದು ಆಮೇಲೆ."

ಆಮೇಲೆ ಅಂದರೆ ಆರು ವರ್ಷ.
ಕಾಟನ್‌ಪೇಟೆಯ ಷಟರುಗಳ ಮೇಲೆ,
ನೀರಿನ ಟ್ಯಾಂಕರುಗಳ ಬೆನ್ನ ಮೇಲೆ,
ಇಲ್ಲಿ ಕಸ ಹಾಕಬಾರದು ಎಂದರೂ ಹಾಕುವ ಗೋಡೆಗಳ ಮೇಲೆ
ನಾನು ಬರೆದದ್ದು ಅವರ ಅಕ್ಷರ,
ಅವರ ಬಳುಕು, ಅವರ ಕೆಂಪು ನೆರಳು,
'ರ'ದ ಹೊಟ್ಟೆಯೊಳಗೆ ಅವರದೇ ಬಿಳಿ ಚುಕ್ಕೆ.
ಮನೆಯಲ್ಲಿ ಉರ್ದು, ಗಿರಾಕಿಗೆ ತಮಿಳು,
ಬಣ್ಣದಂಗಡಿಯಲ್ಲಿ ಸಾಲಕ್ಕೆ ತೆಲುಗು;
ಆ ಮನುಷ್ಯನ ಕೈ ಮಾತ್ರ ಕನ್ನಡದ್ದು.
ಮೂಲೆಯಲ್ಲಿ ಸಣ್ಣದಾಗಿ: ಕಲೆ, ದಸ್ತಗೀರ್.
ಪಕ್ಕದಲ್ಲಿ ಎರಡಿಂಚು ಖಾಲಿ.
ಆ ಖಾಲಿಯನ್ನು ನಾನು ನೀಟಾಗಿ ಕಾಪಾಡಿದೆ.

ಒಂದು ಸಂಜೆ ಬೀಡಿ ಆರಿಸುತ್ತ ಅಂದರು,
"ಚೆನ್ನಾಗಿದೆ ಬೇಟಾ. ಥೇಟ್ ನಂದೇ."
ಹೊಗಳಿಕೆ ಅಂತ ಎತ್ತಿಕೊಂಡು ಹೊರಟೆ.
ಚಾಮರಾಜಪೇಟೆಯ ಐದನೇ ಮೇನ್ ದಾಟುವಷ್ಟರಲ್ಲಿ
ಅದು ಭಾರವಾಗತೊಡಗಿತು.

ಕಳ್ಳತನ ಶುರುವಾದದ್ದು ಅಲ್ಲಿಂದ.
ಬೆಳಗಿನ ನಾಲ್ಕಕ್ಕೆ ಮಾರ್ಕೆಟ್ಟಿನಲ್ಲಿ
ಸೆಲ್ವಿಯಕ್ಕ ಕನಕಾಂಬರ ಅಳೆಯುತ್ತಾಳೆ:
ಬೆರಳ ತುದಿಯಿಂದ ಮೊಣಕೈವರೆಗೆ ಒಂದು ಮೊಳ,
ಯಾರೂ ಕೇಳದೆ ಮೇಲೆ ಇನ್ನು ನಾಲ್ಕು ಬೆರಳು.
ಆ ನಾಲ್ಕು ಬೆರಳನ್ನು ಕದ್ದು
ದೀರ್ಘದ ಬಾಲಕ್ಕೆ ಕಟ್ಟಿದೆ.

ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಬಸ್ಸು ತಿರುಗುವಾಗ
ನಿಂತವರೆಲ್ಲ ಒಂದೇ ಕಡೆ ವಾಲುತ್ತಾರೆ,
ಪರಿಚಯವಿಲ್ಲದವರ ಹೆಗಲಿಗೆ ಹೆಗಲು,
ಯಾರದೋ ಊಟದ ಡಬ್ಬಿ ಯಾರದೋ ಬೆನ್ನಿಗೆ.
ಆ ವಾಲುವಿಕೆ ಬೇಕಾಯಿತು.

ಎಲ್ಲವೂ ಒಗ್ಗಲಿಲ್ಲ.
ಕಾವಲಿಯ ಮೇಲೆ ಹಿಟ್ಟು ಸುತ್ತುವ ಕೈಯಿಂದ ತಂದ ವೃತ್ತ
ನನ್ನ 'ಠ'ದಲ್ಲಿ ಬರೀ ದೋಸೆಯಾಗಿಯೇ ಉಳಿಯಿತು.
ಮೆಟ್ರೋ ಕಂಬಗಳು ಏನೂ ಕೊಡಲಿಲ್ಲ.
ನಾನು ಸರಿಯಾಗಿ ಕೇಳಲಿಲ್ಲವೋ ಏನೋ.

ಹೀಗೆ ಊರೆಲ್ಲ ಅಲೆದು ಬಂದ ರಾತ್ರಿ
ಅಮ್ಮ ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು.
ಗಾರ್ಮೆಂಟ್ಸಿನಲ್ಲಿ ಹಗಲೆಲ್ಲ ಹೊಲಿದ ಕೈ.
ಕತ್ತರಿ ಪಕ್ಕದಲ್ಲೇ ಇತ್ತು; ಅವಳು
ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿದಳು.
ಎಷ್ಟು ವರ್ಷದಿಂದ ಹಾಗೆ ಕಡಿಯುತ್ತಿದ್ದಾಳೋ.
ಅವತ್ತಿನಿಂದ ನನ್ನ ಗೆರೆ ನಯವಾಗಿ ಮುಗಿಯುವುದಿಲ್ಲ,
ಕಚ್ಚಿಸಿಕೊಂಡು ನಿಲ್ಲುತ್ತದೆ.

ಹನುಮಂತನಗರದ ಹಿಟ್ಟಿನ ಗಿರಣಿಗೆ ಬೋರ್ಡು ಬರೆದೆ,
ತಗಡಿನ ಮೇಲೆ, ದಾರ ಎಳೆಯದೆ.
ಗಿರಣಿಯ ಕೆಂಪಣ್ಣ, ಹುಬ್ಬಿನ ತುಂಬ ರಾಗಿ ಹಿಟ್ಟು,
ಕತ್ತೆತ್ತಿ ನೋಡಿದ.
"ಏನಮ್ಮಾ, ಅಕ್ಷರ ನಡೀತಾ ಇದ್ದಂಗಿದೆ?"
"ತಿದ್ದಲಾ?"
"ಬೇಡ ಬಿಡು. ಮಿಷನ್ ಆನ್ ಆದ್ರೆ
ಇಲ್ಲಿ ಎಲ್ಲಾ ಹಂಗೇ ಕಾಣತ್ತೆ."

ಸಾಬರು ಬಂದರು, ಒಂದು ಕಣ್ಣಿಗೆ ಪೊರೆ.
ರಸ್ತೆಯ ಆಚೆ ನಿಂತರು, ಈಚೆ ಬಂದು ನಿಂತರು.
ಒಣಗಿದೆಯೇ ಅಂತ ಉಗುರಿನಿಂದ ಮುಟ್ಟಿದರು.
"ನಂಗೆ ಹಿಡಿಸ್ಲಿಲ್ಲ" ಅಂದರು.
ಆರು ವರ್ಷದಲ್ಲಿ ಮೊದಲ ಸಲ.
ಆಮೇಲೆ ಟೀ ಹೇಳಿದರು, ಎರಡು, ದುಡ್ಡು ತಾವೇ ಕೊಟ್ಟರು,
ಬಣ್ಣದ ರೇಟಿನ ಬಗ್ಗೆ ಬೈದು ಹೊರಟರು.

ಡಬ್ಬಿಯ ತಳದಲ್ಲಿ ಸ್ವಲ್ಪ ನೀಲಿ ಇತ್ತು.
ಮೂಲೆಯಲ್ಲಿ ಎರಡಿಂಚು.
ನನ್ನದು ಅಜ್ಜಿಯ ಹೆಸರು;
ಹಾಜರಿ ಕೂಗುವಾಗ ತರಗತಿಯನ್ನೇ ನಗಿಸಿದ ಹೆಸರು,
ಪಿಳ್ಳಮ್ಮ.
ಮೂರೇ ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು.
'ಳ'ದ ಕೆಳಗಿನದು ಹೇಗೋ ಹಿಡಿಸಿತು.
'ಮ'ದ್ದು ಜಾಗ ಸಾಲದೆ
ತಗಡಿನ ಅಂಚು ದಾಟಿ
ಗೋಡೆಗೆ ಇಳಿಯಿತು.