ಆರೋಗ್ಯಸ್ವಾಮಿಯ ಲೆಕ್ಕ

ಹೆಸರು ಆರೋಗ್ಯ. ಎಡ ಮೊಣಕಾಲಿಗೆ ಮಾತ್ರ
ಆ ಹೆಸರು ತಾಗಿಲ್ಲ.
ಮೈದಾನಕ್ಕೆ ಇಳಿಯುವ ಮೂರೇ ಮೆಟ್ಟಿಲನ್ನು
ಏಡಿಯ ಹಾಗೆ ಓರೆಯಾಗಿ ಇಳಿಯುತ್ತಾನೆ.
ನಾನು ಸುಣ್ಣದ ಡಬ್ಬ ಹಿಡಿದು ಗೆರೆ ಎಳೆಯುವವನು,
ನೋಡಿಯೂ ನೋಡದ ಹಾಗೆ ಬಗ್ಗಿರುತ್ತೇನೆ.

ಹಾಕಿ ಕೋಲು ಹಿಡಿದೇ ಹುಟ್ಟುತ್ತಾರೆಂಬ ಜಿಲ್ಲೆಯಲ್ಲಿ
ಸುಂಟಿಕೊಪ್ಪದ ಲೈನ್‌ಮನೆ ಹುಡುಗರು ನಾವು.
ಕೋಲನ್ನಾದರೆ ಕೊಳ್ಳಬೇಕು, ಕಾಲಿಗೆ ಕಾಸಿಲ್ಲ.
ಕಾಫಿ ಒಣಗುವ ಕಣವೇ ಮೊದಲ ಮೈದಾನ,
ಎರಡು ಸಿಲ್ವರ್ ಓಕ್ ಗೋಲುಕಂಬ,
ರೈಟರ್ ಬೈಯುತ್ತ ಅಟ್ಟಿಸಿಕೊಂಡು ಬಂದರೆ
ಅದೇ ಕೊನೆಯ ಸೀಟಿ.
ಹಣ್ಣು ತುಳಿದು ಅಂಗಾಲೆಲ್ಲ ಅಂಟು,
ಆ ಅಂಟಿಗೇ ಚೆಂಡು ಅವನನ್ನು ಬಿಡುವುದಿಲ್ಲ
ಅನ್ನುತ್ತಿದ್ದೆ. ಗೋಲಿಗೆ ನಿಲ್ಲುತ್ತಿದ್ದವನು ನಾನು.
ಅವನ ಎಡಗಾಲು ಎತ್ತ ತಿರುಗುತ್ತದೆಂದು
ಒಂದು ಸಲವೂ ಗೊತ್ತಾಗಲಿಲ್ಲ.

ಬೆಂಗಳೂರಿನ ಕಾರ್ಖಾನೆ ತಂಡ ಕರೆದೊಯ್ದಿತು. ಏಳು ವರ್ಷ.
ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ಸ್ಟೋರಿನಲ್ಲಿ
ನಟ್ಟು ಬೋಲ್ಟಿನ ಎಣಿಕೆ.
ಪೇಪರಿನಲ್ಲಿ ಎರಡು ಸಲ ಹೆಸರು ಬಂತು,
ಒಂದು ಸಲ ಆರೋಗ್ಯನಾಥನ್ ಎಂದು ತಪ್ಪಾಗಿ;
ಅವನಮ್ಮ ಅದನ್ನೇ ಕತ್ತರಿಸಿ ಮಾತೆಯ ಪಟದ ಹಿಂದೆ ಇಟ್ಟಳು.
ಆಮೇಲೆ ಕೋಲ್ಕತ್ತಾ, ಕಾಂಟ್ರಾಕ್ಟು, ಮುಂಗಡ.
ಆ ದುಡ್ಡಲ್ಲೇ ಅಮ್ಮನಿಗೆ ಹಲ್ಲು ಕಟ್ಟಿಸಿದ್ದು.
ಇಡೀ ಸೀಸನ್ನಿನಲ್ಲಿ ಆಡಿದ್ದು ಹದಿನಾಲ್ಕು ನಿಮಿಷ.
ಉಳಿದದ್ದು ಬೆಂಚು.
ಲೇಸು ಬಿಗಿದು, ಬಿಚ್ಚಿ, ಮತ್ತೆ ಬಿಗಿದು,
ಎಪ್ಪತ್ತು ಸಾವಿರ ಜನರ ಜೊತೆ ತಾನೂ ಒಬ್ಬನಾಗಿ
ಟಿಕೆಟ್ಟಿಲ್ಲದೆ ನೋಡಿದ.
ಹದಿನೈದನೆಯ ನಿಮಿಷಕ್ಕೆ ಮೊಣಕಾಲು ಸದ್ದು ಮಾಡಿತು,
ಒಣಗಿದ ಕಾಫಿ ರೆಕ್ಕೆ ಮುರಿದ ಹಾಗೆ.
ಅವನು ಹೇಳಿದ್ದು ಅಷ್ಟು. ಮಿಕ್ಕಿದ್ದು ನಾನು ಕೇಳಿಲ್ಲ.

ಕೋಚ್ ಪರೀಕ್ಷೆಗೆ ಎರಡು ಸಲ ಕೂತ.
ಪಾಠವೆಲ್ಲ ಇಂಗ್ಲಿಷು, ಬೋರ್ಡಿನ ತುಂಬ ಬಾಣ.
"ಬಾಣ ಯಾವತ್ತೂ ಕೆಸರಲ್ಲಿ ಜಾರಲ್ಲ ನೋಡು" ಎಂದು ನಕ್ಕ.
ಪಾಸಾಗಿ ಬಂದವನ ಕೊರಳಲ್ಲಿ ಸೀಟಿ,
ಕಂಕುಳಲ್ಲಿ ಉದ್ದನೆಯದೊಂದು ಚೆಕ್‌ರೋಲ್ ಪುಸ್ತಕ.
ಅವನಮ್ಮ ಎಷ್ಟು ಕಿಲೋ ಹಣ್ಣು ಕೊಯ್ದಳೆಂದು
ತೋಟದಲ್ಲಿ ಬರೆದುಕೊಳ್ಳುತ್ತಿದ್ದರಲ್ಲ, ಅಂಥದೇ.
ಇದರಲ್ಲಿ ಗೋಲುಗಳಿಲ್ಲ. ಹೆಸರು, ಎದುರಿಗೆ ನಿಮಿಷ.
ಶಮೀರ್ ೨೧೦. ಪೂವಯ್ಯ ೧೯೫.
ಹಾಡಿಯ ಚಿಮ್ಮಿ, ಇರುವ ಒಬ್ಬಳೇ ಹುಡುಗಿ, ೧೮೮.
ಕನ್ನಡಕದ ನಿಶ್ಚಲ್ ೯.
ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದ
ಆ ರೈಟರ್ ಮೊಮ್ಮಗ ಇವನು.

ರಾತ್ರಿ ಆನೆ ದಾಟಿದರೆ ಬೆಳಿಗ್ಗೆ ಮೈದಾನದಲ್ಲಿ
ಬೋಗುಣಿಯಷ್ಟಗಲದ ಹೆಜ್ಜೆಗಳು.
ಮುಚ್ಚೋಣವೆಂದೆ. ಬೇಡವೆಂದು
ಅವುಗಳ ನಡುವೆಯೇ ಚೆಂಡು ಓಡಿಸಲು ಹಚ್ಚಿದ.
"ಚೆಂಡು ನಿನ್ನ ಹತ್ರ ಇರೋದೇ ಎರಡು ನಿಮಿಷ,
ಮಿಕ್ಕ ಹೊತ್ತು ಎಲ್ಲಿ ನಿಂತಿದ್ದೆ ಹೇಳು."
ತನ್ನ ಎಡಗಾಲಿನ ಆ ತಿರುವನ್ನು ಮಾತ್ರ
ಯಾರಿಗೂ ತೋರಿಸಲಿಲ್ಲ.

ಮೇ ತಿಂಗಳು, ಫೈನಲ್ಲು, ಒಂದಕ್ಕೊಂದು ಸಮ.
ಐದು ನಿಮಿಷ ಉಳಿದಿರುವಾಗ ಶಮೀರನನ್ನು ಹೊರಗೆ ಕರೆದ,
ನಿಶ್ಚಲನ ಬೆನ್ನು ತಟ್ಟಿ ಒಳಗೆ ಕಳಿಸಿದ.
ಜೀಪಿನ ಬಾನೆಟ್ಟಿನ ಮೇಲಿದ್ದವರು ಬಾಯಿಗೆ ಬಂದಂತೆ ಬೈದರು.
ಹುಡುಗ ಚೆಂಡು ಮುಟ್ಟಿದ್ದು ಒಮ್ಮೆ,
ಕೊಟ್ಟದ್ದು ಎದುರಾಳಿಯ ಕಾಲಿಗೆ.
ಕಪ್ ಕುಶಾಲನಗರದ ಲಾರಿ ಹತ್ತಿತು.

ಎಲ್ಲ ಚದುರಿದ ಮೇಲೆ ಕಂಬಕ್ಕೊರಗಿ ಪುಸ್ತಕ ತೆರೆದ.
ಒಂಬತ್ತನ್ನು ಹೊಡೆದುಹಾಕಿ
ಹದಿನಾಲ್ಕು ಎಂದು ಬರೆದ.
ಪೆನ್ನು ಅಲ್ಲೇ ನಿಂತಿತು, ತುಂಬ ಹೊತ್ತು.
ನಾನು ಡಬ್ಬ ತೊಳೆಯುತ್ತಿದ್ದೆ.
"ನಾಳೆ ಆರಕ್ಕೆ ಬಾ, ಗೋಲಿಗೆ ನಿಲ್ಲಬೇಕು" ಅಂದ.
ನನಗೇ ಹೇಳಿದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಇಬ್ಬನಿ ಆರಿರಲಿಲ್ಲ. ನಿಶ್ಚಲ್
ಕನ್ನಡಕ ಒರೆಸಿಕೊಂಡು ಗೆರೆಯಾಚೆ ನಿಂತಿದ್ದ.
ಆರೋಗ್ಯ ಮೂರು ಹೆಜ್ಜೆ ಕುಂಟಿ ಬಂದ.
ನಾನು ಬಲಕ್ಕೆ ಬಿದ್ದೆ.